ಕಾರ್ಕಳದ ಲೈನು ಸಿಗದ ಆರು ತಿಂಗಳು

ಯಂತ್ರ ಕೆಟ್ಟರೆ ಕೆಳಗಿನವರ ತಪ್ಪು, ಓಡಿದರೆ ಮೇಲಿನವರ ಹೆಸರು. ನಾನು ದುಡಿದ ಅಷ್ಟೂ ವರ್ಷ ಇದನ್ನೇ ನೋಡಿದ್ದೇನೆ. ಈಗಲೂ ಯಾವುದೋ ಆಫೀಸಿನಲ್ಲಿ ಇದು ನಡೆಯುತ್ತಲೇ ಇರುತ್ತದೆ. ಓದುವಾಗ ನಗು ಬಂದರೆ ನಗಿ. ಸಿಟ್ಟು ಬಂದರೆ ಇನ್ನೂ ಒಳ್ಳೆಯದು.

ನಮ್ಮದು ಔಷಧಿಗಳ ಸಗಟು ಕಂಪೆನಿ. ಹೆಡ್ ಆಫೀಸು ಮಣಿಪಾಲದ ಗುಡ್ಡದ ಮೇಲೆ. ಶಾಖೆಗಳು ಉಡುಪಿ, ಕಾಪು, ಕಾರ್ಕಳದಲ್ಲಿ. ಎಪ್ಪತ್ತರ ದಶಕದಲ್ಲಿ ನಾನು ವಯರ್‌ಮ್ಯಾನ್ ಆಗಿ ಸೇರಿದಾಗ, ಯಾವ ಶಾಖೆಗೆ ಯಾವ ಮಾತ್ರೆ ಎಷ್ಟು ಬೇಕು ಎಂಬ ಪಟ್ಟಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬರುತ್ತಿತ್ತು. ಕಂಡಕ್ಟರ್ ಅದನ್ನು ಟಿಕೆಟ್ ಪುಸ್ತಕದ ಅಡಿಗೆ ಸಿಕ್ಕಿಸಿಕೊಂಡು ತಂದು ಕೊಡುತ್ತಿದ್ದ. ಒಂದು ದಿನವೂ ತಪ್ಪಿದ್ದಿಲ್ಲ. ಆದರೆ ತಪ್ಪದೆ ನಡೆಯುವ ವ್ಯವಸ್ಥೆಯನ್ನು ಕಂಡರೆ ದೊಡ್ಡವರಿಗೆ ನಿದ್ದೆ ಬರುವುದಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೆಡ್ ಆಫೀಸಿಗೆ ಒಂದು ದೊಡ್ಡ ಕಂಪ್ಯೂಟರ್ ಬಂತು, ಮೂರು ಶಾಖೆಗಳಿಗೂ ಒಂದೊಂದು ಸಣ್ಣದು ಬಂತು. ನಡುವೆ ಸಂಬಂಧ ಕುದುರಿಸಲಿಕ್ಕೆ ಮೋಡೆಮ್ ಎಂಬ ಪೆಟ್ಟಿಗೆ.

ಕೆಲಸ ಇಷ್ಟೇ. ಶಾಖೆಯವರು ಫೋನಿನಲ್ಲಿ ಹೆಡ್ ಆಫೀಸಿನ ಕಂಪ್ಯೂಟರಿನ ನಂಬರು ತಿರುಗಿಸಬೇಕು. ಆ ಕಡೆಯ ಮೋಡೆಮ್ ತಾನೇ ಫೋನು ಎತ್ತಿಕೊಂಡು ‘ಕುಂಯ್’ ಎಂದು ಉದ್ದಕ್ಕೆ ಕೂಗುತ್ತದೆ. ಅದು ಕೇಳಿದ ಕೂಡಲೇ ಈ ಕಡೆಯವರು ಒಂದು ಗುಂಡಿ ಒತ್ತಬೇಕು. ಆಮೇಲೆ ಪಟ್ಟಿ ತಾನಾಗಿ ಹೋಗುತ್ತದೆ. ಉಡುಪಿಗೆ ಮಧ್ಯಾಹ್ನ ಒಂದು ಗಂಟೆ, ಕಾಪುವಿಗೆ ಎರಡು, ಕಾರ್ಕಳಕ್ಕೆ ನಾಲ್ಕು ಎಂದು ಹೊತ್ತು ಹಂಚಿದ್ದರು.

ಕಾರ್ಕಳದಲ್ಲಿ ಗುಂಡಿ ಒತ್ತುವ ಕೆಲಸಕ್ಕೆ ಬಂದವರು ಕಲ್ಯಾಣಪುರದಿಂದ ಅಲ್ಲಿಗೆ ಮದುವೆಯಾಗಿ ಹೋದ ಒಬ್ಬ ಕ್ರಿಶ್ಚಿಯನ್ ಹೆಂಗಸು. ಊರ ರೂಢಿಯಂತೆ ನಾವೆಲ್ಲ ಅವರನ್ನು ‘ಬಾಯಿ’ ಎನ್ನುತ್ತಿದ್ದೆವು. ಗಂಡ ಗಲ್ಫಿನ ಕೆಲಸ ಹೋಗಿ ವಾಪಸು ಬಂದು ಮನೆಯಲ್ಲಿ ಕೂತಿದ್ದ. ಒಲೆ ಉರಿಯುತ್ತಿದ್ದದ್ದು ಬಾಯಿಯ ಕೆಲಸದಿಂದ. ಆ ಕೆಲಸಕ್ಕೆ ಹೆಡ್ ಆಫೀಸು ನಡೆಸುವ ದೊಡ್ಡ ಸಾಹೇಬರು ಷರತ್ತು ಹಾಕಿದ್ದರು: ಆರು ತಿಂಗಳು ಪರೀಕ್ಷೆ. ಲೈನು ಸಿಗದ ದಿನವನ್ನೆಲ್ಲ ಒಂದು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಆರು ತಿಂಗಳಾದ ಮೇಲೆ ಅದನ್ನು ನೋಡಿ, ಇಟ್ಟುಕೊಳ್ಳುವುದೋ ಕಳಿಸುವುದೋ ತೀರ್ಮಾನ. ನಾನು ಕಂಪೆನಿಯ ವಯರ್‌ಮ್ಯಾನ್, ಜೊತೆಗೆ ನೌಕರರ ಸಂಘದ ಕಾರ್ಯದರ್ಶಿ. ಹಾಗಾಗಿ ಲೈನು ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು, ಜಗಳವಾದರೂ ನನ್ನನ್ನೇ.

ಪೂಜೆಯ ದಿನ

ಮೊದಲನೆಯ ದಿನ ಕಂಪ್ಯೂಟರಿಗೆ ಪೂಜೆ. ಅದರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ, ಗಟ್ಟಿಯಾಗಿ ಮಾತಾಡುವ ಹಾಗಿಲ್ಲ, ಕೆಳ ನೌಕರರು ಬಾಗಿಲಿನಿಂದಲೇ ನೋಡಬೇಕು. ಔಷಧಿ ಪೆಟ್ಟಿಗೆ ಹೊತ್ತು ಹೆಗಲು ಸವೆದ ಗೋದಾಮಿನವರಿಗೆ ಒಂದು ಫ್ಯಾನು ಕೇಳಿ ನಾವು ನಾಲ್ಕು ವರ್ಷ ಅರ್ಜಿ ಬರೆದಿದ್ದೆವು. ಈ ಯಂತ್ರಕ್ಕೆ ಹುಟ್ಟುವ ಮೊದಲೇ ಏಸಿ ಹಾಕಿಸಿದ್ದರು.

ಭಟ್ಟರು ಯಂತ್ರಕ್ಕೆ ಗಂಧ ಹಚ್ಚಿದರು, ಕುಂಕುಮ ಇಟ್ಟರು, ಸೇವಂತಿಗೆ ಮಾಲೆ ಹಾಕಿದರು. ಪೂಜೆ ಮುಗಿಯುವ ಮುಹೂರ್ತಕ್ಕೆ ಸರಿಯಾಗಿ ಕಾರ್ಕಳದಿಂದ ಮೊದಲ ಪಟ್ಟಿ ಬರಬೇಕು, ಅದನ್ನು ನೋಡಲಿಕ್ಕೆ ಊರಿನ ಗಣ್ಯರು ಕೂತಿದ್ದರು. ಮಂಗಳಾರತಿಯಾಯಿತು. ಪಟ್ಟಿ ಬರಲಿಲ್ಲ. ಹತ್ತು ನಿಮಿಷ ಕಾದರು. ಬರಲಿಲ್ಲ. ಗಣ್ಯರು ಪ್ರಸಾದ ತಿಂದು ಕೈ ತೊಳೆದೂ ಆಯಿತು.

ಸಾಹೇಬರು ಇನ್ನೊಂದು ಫೋನಿನಲ್ಲಿ ಕಾರ್ಕಳಕ್ಕೆ ಮಾತಾಡಿದರು. “ಎಂತ ಮಾಡ್ತಾ ಇದ್ದೀರಿ ಅಲ್ಲಿ? ನಂಬರು ತಿರುಗಿಸ್ಲಿಕ್ಕೆ ಸಹ ಬರುವುದಿಲ್ವಾ?”

“ಸಾರ್, ಮುಕ್ಕಾಲು ಗಂಟೆಯಿಂದ ತಿರುಗಿಸ್ತಾ ಇದ್ದೇನೆ. ಬೆರಳು ಬಾತಿದೆ. ಎಂಗೇಜ್ ಬರ್ತಾ ಉಂಟು.”

“ನೆಪ ಹೇಳ್ಬೇಡಿ!”

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ನೋಡಿದೆ. ಮೋಡೆಮ್ಮಿನ ಪಕ್ಕದ ಫೋನಿನ ರಿಸೀವರನ್ನು ತೆಗೆದು ಬಾಳೆ ಎಲೆಯ ಮೇಲೆ, ತೆಂಗಿನಕಾಯಿಯ ಬದಿಗೆ ಮಲಗಿಸಿದ್ದರು. ಅದಕ್ಕೂ ಒಂದು ಬೊಟ್ಟು ಕುಂಕುಮ ಇತ್ತು.

“ಇದನ್ನು ಯಾರು ತೆಗೆದಿಟ್ಟದ್ದು?” ಎಂದೆ.

“ನಾನೇ ತೆಗೆಸಿದ್ದು” ಎಂದರು ಸಾಹೇಬರು. “ಮಂತ್ರದ ಮಧ್ಯ ರಿಂಗ್ ಆದ್ರೆ ಅಪಶಕುನ ಅಲ್ವಾ?”

ರಿಜಿಸ್ಟರಿನ ಮೊದಲ ಪುಟದಲ್ಲಿ, ಅರಿಸಿನ ಹಚ್ಚಿದ ಮೂಲೆಯ ಕೆಳಗೆ, ಮೊದಲ ಸಾಲು ಹೀಗೆ ಬರೆದರು: ‘ಕಾರ್ಕಳ. ಸಂಪರ್ಕ ವಿಫಲ. ಕಾರಣ: ಆಪರೇಟರಿಗೆ ಅನುಭವ ಸಾಲದು.’

ಕಾಪುವಿನ ಬೀಗ

ಆ ಕಾಲದ ಫೋನಿಗೆ ತಿರುಗಿಸುವ ಚಕ್ರ ಇರುತ್ತಿತ್ತು, ಆ ಚಕ್ರದ ತೂತಿಗೆ ಹಾಕಲಿಕ್ಕೆ ಒಂದು ಸಣ್ಣ ಬೀಗ ಪೇಟೆಯಲ್ಲಿ ಸಿಗುತ್ತಿತ್ತು. ನೌಕರರೆಲ್ಲ ಕಳ್ಳರು ಎಂದು ನಂಬಿದವರು ಅದನ್ನು ಕೊಳ್ಳುತ್ತಿದ್ದರು. ನಮ್ಮ ಕಾಪು ಶಾಖೆಯ ಮ್ಯಾನೇಜರಂತೂ ಅದರ ಕೀಲಿಕೈಯನ್ನು ಸೊಂಟದ ನೂಲಿಗೆ ಕಟ್ಟಿಕೊಂಡಿದ್ದರು. ಸ್ನಾನಕ್ಕೆ ಹೋದರೂ ಕೀಲಿಕೈ ಜೊತೆಗೇ.

ಒಂದು ದಿನ ಅವರು ಉಚ್ಚಿಲಕ್ಕೆ ಮದುವೆ ಊಟಕ್ಕೆ ಹೋದರು. ಎರಡು ಗಂಟೆಗೆ ಪಟ್ಟಿ ಕಳಿಸಬೇಕು, ಫೋನಿಗೆ ಬೀಗ. ಅಲ್ಲಿಯ ಗುಮಾಸ್ತ ಮೀನು ವ್ಯಾಪಾರದ ಮನೆತನದವನು, ತಲೆ ಚುರುಕು. ನಾನು ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ.

“ಅಣ್ಣ, ಈಗ ಎಂತ ಮಾಡುವುದು ಮಾರಾಯ್ರೆ? ಪಟ್ಟಿ ಹೋಗದಿದ್ರೆ ನನ್ನ ಹೆಸರು ಬರೀತಾರೆ. ಕೀಲಿಕೈ ಹೋಳಿಗೆ ತಿಂತಾ ಉಂಟು ಉಚ್ಚಿಲದಲ್ಲಿ.”

ಅವನಿಗೆ ಒಂದು ವಿದ್ಯೆ ಹೇಳಿಕೊಟ್ಟೆ. ರಿಸೀವರ್ ಇಡುವ ಜಾಗದ ಗುಬುಟನ್ನು ಬೆರಳಿನಲ್ಲಿ ಟಕ ಟಕ ತಟ್ಟಿದರೆ ಸಾಕು. ಐದು ಬೇಕಾದರೆ ಐದು ಸಲ, ಎಂಟು ಬೇಕಾದರೆ ಎಂಟು ಸಲ. ಚಕ್ರ ಮಾಡುವುದೂ ಅದನ್ನೇ. ಅವನು ಚೆಂಡೆ ಬಾರಿಸುವವನ ಹಾಗೆ ತಟ್ಟಿದ. ಆ ಕಡೆಯಿಂದ ‘ಕುಂಯ್’ ಬಂತು, ಪಟ್ಟಿ ಹೋಯಿತು.

ಮ್ಯಾನೇಜರು ತಾಂಬೂಲ ಜಗಿಯುತ್ತ ಬಂದು ಬೀಗ ನೋಡಿದರು, ಸೊಂಟ ಮುಟ್ಟಿ ನೋಡಿಕೊಂಡರು, ಹೋದ ಪಟ್ಟಿಯ ಪ್ರತಿ ನೋಡಿದರು. ಮುಖ ಬಿಳಿಚಿಕೊಂಡಿತು.

“ಬೀಗ ಇದ್ದ ಹಾಗೇ ಉಂಟು. ಫೋನು ಹೋದದ್ದು ಹೇಗೆ?”

ಕಂಪೆನಿಯ ಕೆಲಸ ಹೊತ್ತಿಗೆ ಸರಿಯಾಗಿ ಆದದ್ದಕ್ಕೆ ಸಂತೋಷಪಟ್ಟಾರು ಎಂದುಕೊಂಡು ನಾನು ಗುಬುಟಿನ ವಿಷಯ ವಿವರಿಸಿದೆ. ಅದು ನನ್ನ ದಡ್ಡತನ. ಮರುದಿನವೇ ಅವರು ಬಡಗಿಯನ್ನು ಕರೆಸಿ ಫೋನಿಗೆ ಹಲಸಿನ ಮರದ ಪೆಟ್ಟಿಗೆ ಮಾಡಿಸಿದರು. ಇಡೀ ಫೋನು ಪೆಟ್ಟಿಗೆಯೊಳಗೆ, ಪೆಟ್ಟಿಗೆಗೆ ಏಳು ಲಿವರಿನ ಬೀಗ. ಅದರ ಕೀಲಿಕೈ ಸೊಂಟದ ನೂಲಿಗೆ ಭಾರವಾದದ್ದರಿಂದ ಮನೆಯ ಕಪಾಟಿನಲ್ಲಿ.

ಆ ವಾರ ಹೆಡ್ ಆಫೀಸಿನಿಂದ ದೊಡ್ಡ ಸಾಹೇಬರೇ ಕಾಪುವಿಗೆ ಫೋನು ಮಾಡಿದರು. ಪೆಟ್ಟಿಗೆಯೊಳಗೆ ಫೋನು ಹೊಡೆದುಕೊಂಡಿತು. ಮ್ಯಾನೇಜರು ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ತಬ್ಬಿಕೊಂಡು, ಸಂದಿಗೆ ಬಾಯಿಟ್ಟು, “ಸಾರ್, ಸಾರ್, ಇಲ್ಲೇ ಇದ್ದೇನೆ ಸಾರ್!” ಎಂದು ಕೂಗುತ್ತಿದ್ದರಂತೆ. ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಅಂದಿನ ರಿಜಿಸ್ಟರಿನಲ್ಲಿ: ‘ಕಾಪು. ಉತ್ತರ ಇಲ್ಲ. ಕಾರಣ: ಗುಮಾಸ್ತ ಸ್ಥಳದಲ್ಲಿ ಇರಲಿಲ್ಲ.’ ಅವನು ಪೆಟ್ಟಿಗೆಯ ಆ ಬದಿಯಲ್ಲಿ ನಗು ತಡೆಯಲಾರದೆ ನೆಲಕ್ಕೆ ಕೂತಿದ್ದ, ಅಷ್ಟೆ.

ಬಂಡೆಯ ದೋಷ

ಕಾರ್ಕಳದ ಲೈನು ವಾರಕ್ಕೆ ಮೂರು ದಿನವಾದರೂ ಕೈಕೊಡುತ್ತಿತ್ತು. ಒಮ್ಮೆ ಸಿಗುವುದೇ ಇಲ್ಲ. ಇನ್ನೊಮ್ಮೆ ಸಿಕ್ಕಿದರೂ ಬಾಯಿ ಗುಂಡಿ ಒತ್ತಿದ ಮೇಲೆ ಪರದೆಯ ಮೇಲೆ ಕಾಗೆ ಕಾಲಿನ ಹಾಗೆ ಅರ್ಥವಿಲ್ಲದ ಅಕ್ಷರ. ಸಾಹೇಬರು ದೂರದ ಪಟ್ಟಣದಿಂದ ಒಬ್ಬ ತಜ್ಞನನ್ನು ಕರೆಸಿದರು. ಟೈ ಕಟ್ಟಿಕೊಂಡು, ಸೆಕೆಗೆ ಬೆವರು ಸುರಿಸಿಕೊಂಡು, ಅವನು ಮೂರು ದಿನ ಕಾರ್ಕಳದಲ್ಲಿ ಇದ್ದ. ಒಂದು ದಿನ ಗೊಮ್ಮಟನನ್ನು ನೋಡಿದ, ಒಂದು ದಿನ ಕೆರೆ ನೋಡಿದ, ಮೂರನೆಯ ದಿನ ಆಫೀಸು ನೋಡಿದ. ಆಮೇಲೆ ದಪ್ಪ ವರದಿ ಬರೆದ. ಸಾರಾಂಶ: ಕಾರ್ಕಳದ ಸುತ್ತಮುತ್ತ ಕರಿಬಂಡೆ ಹೆಚ್ಚು, ಬಂಡೆಯಲ್ಲಿ ಕಬ್ಬಿಣದ ಅಂಶ ಉಂಟು, ಅದು ಸಂಕೇತಗಳನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ಶಾಖೆಯನ್ನು ಬಂಡೆ ಇಲ್ಲದ ಜಾಗಕ್ಕೆ ಬದಲಾಯಿಸುವುದು ಒಳ್ಳೆಯದು.

ಕಾರ್ಕಳದಲ್ಲಿ ಬಂಡೆ ಇಲ್ಲದ ಜಾಗ ಹುಡುಕುವುದು ಎಂದರೆ ಕಡಲಿನಲ್ಲಿ ಉಪ್ಪಿಲ್ಲದ ನೀರು ಹುಡುಕಿದ ಹಾಗೆ.

ನನಗೆ ವರದಿ ಓದಲಿಕ್ಕೆ ಇಂಗ್ಲಿಷು ಅಷ್ಟು ಬರುವುದಿಲ್ಲ, ಆದರೆ ವಯರು ಓದಲಿಕ್ಕೆ ಬರುತ್ತದೆ. ಆಫೀಸಿನಿಂದ ಹೊರಟು ವಯರಿನ ಜೊತೆಗೇ ನಡೆದೆ. ಹಿಂದಿನ ಓಣಿಯಲ್ಲಿ, ಕಂಬದಿಂದ ನಮ್ಮ ಕಿಟಕಿಗೆ ಇಳಿದು ಬರುವ ವಯರು ಹೊಟ್ಟೆ ಜೋತುಬಿದ್ದು ನಿಂತಿತ್ತು. ಅದರ ಮೇಲೆ ಎರಡು ಸೀರೆ, ಒಂದು ಲಂಗ, ಒಂದು ಕಂಬಳಿ. ಎಲ್ಲ ಒದ್ದೆ. ಗಾಳಿ ಬೀಸಿದರೆ ಇಡೀ ವಯರು ತೊಟ್ಟಿಲಿನ ಹಾಗೆ ತೂಗುತ್ತಿತ್ತು, ಜಾಯಿಂಟು ಕಿರಗುಟ್ಟುತ್ತಿತ್ತು. ಕೆಳಗೆ ಒಬ್ಬ ಅಜ್ಜಿ ಬಾಲ್ದಿ ಹಿಡಿದು ನಿಂತಿದ್ದರು.

“ಅಜ್ಜಿ, ಇದು ಫೋನಿನ ವಯರು. ಇದರ ಮೇಲೆ ಬಟ್ಟೆ ಹಾಕಬಾರದು.”

“ಯಾಕೆ? ಶಾಕ್ ಹೊಡೀತದಾ?”

“ಇಲ್ಲ. ಇದರ ಒಳಗೆ ಮಣಿಪಾಲಕ್ಕೆ ಪಟ್ಟಿ ಹೋಗ್ತದೆ.”

ಅಜ್ಜಿ ವಯರನ್ನು ಮೇಲಿನಿಂದ ಕೆಳಗೆ ನೋಡಿದರು. “ಇಷ್ಟು ವರ್ಷದಿಂದ ನೋಡ್ತಾ ಇದ್ದೇನೆ ಮಗ, ಇದರಲ್ಲಿ ಎಂತದ್ದೂ ಹೋದದ್ದು ನಾನು ಕಾಣ್ಲಿಲ್ಲ. ನನ್ನ ಸೀರೆ ಒಣಗುವುದು ಮಾತ್ರ ಕಣ್ಣಿಗೆ ಕಾಣ್ತದೆ. ಈಗ ಹೇಳು, ಯಾರ ಕೆಲಸ ದೊಡ್ಡದು?”

ನಾನು ಪೇಟೆಗೆ ಹೋಗಿ ತೆಂಗಿನ ನಾರಿನ ಹಗ್ಗ ತಂದು ಎರಡು ಮರಗಳ ನಡುವೆ ಕಟ್ಟಿ ಕೊಟ್ಟೆ. ಅಜ್ಜಿ ಹಗ್ಗವನ್ನು ಎಳೆದು ಪರೀಕ್ಷಿಸಿ, “ಇದು ಗಟ್ಟಿ ಉಂಟು. ನಿಮ್ಮ ಕಂಪೆನಿಯವರೂ ಬೇಕಾದ್ರೆ ಇದರಲ್ಲೇ ಪಟ್ಟಿ ಕಳಿಸ್ಲಿ” ಎಂದರು. ಲೈನಿನ ಕಿರಿಕಿರಿ ಅರ್ಧ ಹೋಯಿತು.

ಹೆಡ್ ಆಫೀಸಿನ ವರಾಂಡದಲ್ಲಿ ಇದನ್ನು ಹೇಳಿದಾಗ ಸಾಹೇಬರು ಕಂಕುಳಿನ ವರದಿಯ ಮೇಲೆ ಕೈಯಿಟ್ಟು ಹೇಳಿದರು: “ತಜ್ಞರು ಬಂಡೆ ಎಂದಿದ್ದಾರೆ. ನೀನು ಸೀರೆ ಎನ್ನುತ್ತಿ. ನಾನು ಡೈರೆಕ್ಟರುಗಳ ಎದುರು ಲಂಗದ ವಿಷಯ ಹೇಳ್ಲಿಕ್ಕೆ ಆಗ್ತದಾ?”

ಸುತ್ತೋಲೆ

ಇನ್ನರ್ಧ ಕಿರಿಕಿರಿ ಉಳಿದೇ ಇತ್ತು. ಅದಕ್ಕೆ ಸಾಹೇಬರು ಸುತ್ತೋಲೆ ಹೊರಡಿಸಿದರು: ‘ಇನ್ನು ಮುಂದೆ ಸಂಪರ್ಕ ಸಿಗದ ದಿನ, ಸಂಪರ್ಕ ಸಿಗಲಿಲ್ಲ ಎಂಬ ವರದಿಯನ್ನು ಅದೇ ದಿನ ಕಂಪ್ಯೂಟರ್ ಮೂಲಕವೇ ಕಳಿಸತಕ್ಕದ್ದು. ಬೇರೆ ರೀತಿಯಲ್ಲಿ ಬಂದ ವರದಿಯನ್ನು ಸ್ವೀಕರಿಸಲಾಗುವುದಿಲ್ಲ.’

ಬಾಯಿ ನನಗೆ ಅದನ್ನು ಎರಡು ಸಲ ಓದಿ ಹೇಳಿದರು. “ಅಣ್ಣ, ನನ್ನ ತಲೆ ಸರಿ ಇಲ್ವಾ, ಇದು ಸರಿ ಇಲ್ವಾ?”

“ನಿಮ್ಮದು ಸರಿ ಉಂಟು.”

“ಹಾಗಾದ್ರೆ ನಾನು ಎಂತ ಮಾಡುವುದು?”

“ಔಷಧಿ ತಲುಪಬೇಕಾದ್ದು ಮುಖ್ಯ. ಪಟ್ಟಿ ಬರೆದು ಬಸ್ಸಿಗೆ ಕೊಡಿ.”

ಲೈನು ಸಿಗದ ದಿನವೆಲ್ಲ ಪಟ್ಟಿ ಹಳೆಯ ಹಾಗೆ ಕಂಡಕ್ಟರನ ಟಿಕೆಟ್ ಪುಸ್ತಕದ ಅಡಿಯಲ್ಲಿ ಮಣಿಪಾಲಕ್ಕೆ ಬಂತು. ಗೋದಾಮಿನವರು ಸುಮ್ಮನೆ ಪೆಟ್ಟಿಗೆ ಕಟ್ಟಿದರು. ಕಾರ್ಕಳದ ಒಂದೇ ಒಂದು ಅಂಗಡಿಯಲ್ಲೂ ಮಾತ್ರೆ ತಪ್ಪಲಿಲ್ಲ. ಮೂರು ತಿಂಗಳಿಗೊಮ್ಮೆ ಲೆಕ್ಕ ಮಂಡಿಸುವ ಸಭೆಯಲ್ಲಿ ಸಾಹೇಬರು, ಕಂಪ್ಯೂಟರ್ ಬಂದ ಮೇಲೆ ಸರಬರಾಜು ಎಷ್ಟು ಸುಗಮವಾಗಿದೆ ನೋಡಿ ಎಂದು ಭಾಷಣ ಮಾಡಿ ಶಾಲು ಹೊದೆಸಿಕೊಂಡರು. ಕಂಡಕ್ಟರನಿಗೆ ಅದೇ ದಿನ, ಬಸ್ಸು ಐದು ನಿಮಿಷ ತಡ ಎಂದು ಮಾಲಕರಿಂದ ಬೈಗುಳ ಸಿಕ್ಕಿತು.

ನನ್ನನ್ನೂ ಬಿಡಬಾರದು

ಐದನೆಯ ತಿಂಗಳಿನಲ್ಲಿ ಬಾಯಿಗೆ ಎಚ್ಚರಿಕೆಯ ಪತ್ರ ಬಂತು: ‘ವೈಫಲ್ಯಗಳು ಹೀಗೆಯೇ ಮುಂದುವರಿದರೆ ನಿಮ್ಮ ಸೇವೆ ಬೇಕಾಗಿಲ್ಲ.’ ನನಗೆ ನೆತ್ತಿಗೇರಿತು. ಉಡುಪಿ ಶಾಖೆಯ ಗೇಟಿನ ಎದುರು ಮಧ್ಯಾಹ್ನದ ಬಿಡುವಿನಲ್ಲಿ ಸಂಘದ ಸಭೆ ಕರೆದೆ. ಮೈಕು ಹಾಕಿಸಿದೆ. ಒಂದು ಗಂಟೆಗೆ ಸರಿಯಾಗಿ ಶುರು ಮಾಡಿದೆ.

ನಾನು ಕೂಗಿದೆ: “ಬಂಧುಗಳೇ! ಯಂತ್ರ ತಂದವರು ಅವರು, ಯಂತ್ರ ಇಟ್ಟವರು ಅವರು, ಅದು ಕೆಟ್ಟರೆ ಶಿಕ್ಷೆ ಮಾತ್ರ ಒಬ್ಬ ಬಡ ಹೆಂಗಸಿಗೆ!” ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಒಳಗಿನಿಂದ ಒಬ್ಬ ಬಂದು ಚೀಟಿ ಕೊಟ್ಟ: ಇವತ್ತು ಉಡುಪಿಯ ಲೈನೂ ಸಿಗುತ್ತಿಲ್ಲ. ನನಗೆ ಬೆಂಕಿಗೆ ತುಪ್ಪ ಹೊಯ್ದ ಹಾಗಾಯಿತು.

“ಕೇಳಿದಿರಾ! ಈಗ ಉಡುಪಿಯೂ ನಿಂತಿತು! ಇದು ತಾನಾಗಿ ನಿಂತದ್ದಲ್ಲ, ನಿಲ್ಲಿಸಿದ್ದು! ಇದರ ಹಿಂದೆ ಒಂದು ಕೈ ಉಂಟು! ಆ ಕೈ ಯಾರದು ಎಂದು ಈ ವೇದಿಕೆಯಿಂದ ಕೇಳುತ್ತೇನೆ!”

ಅರ್ಧ ಗಂಟೆ ಆ ಕೈಯನ್ನು ಬೈದೆ. ಉಡುಪಿಯ ಗುಮಾಸ್ತ ನನ್ನ ಅಂಗಿಯ ಚುಂಗು ಎಳೆಯುತ್ತಲೇ ಇದ್ದ. ಕೊನೆಗೆ ಸಿಡುಕಿ ಕೇಳಿದೆ, “ಎಂತ ಮಾರಾಯ ನಿನ್ನದು?”

ಅವನು ಮೈಕಿನ ಹತ್ತಿರವೇ ಹೇಳಿಬಿಟ್ಟ: “ಅಣ್ಣ, ನಿಮ್ಮ ಮೈಕಿಗೆ ಕರೆಂಟು ಬೇಕು ಅಂತ ಬೆಳಿಗ್ಗೆ ನೀವೇ ಮೋಡೆಮ್ಮಿನ ಪ್ಲಗ್ ಕಿತ್ತು ಅಲ್ಲಿ ಸಿಕ್ಕಿಸಿದ್ದೀರಿ. ಭಾಷಣ ನಿಲ್ಲಿಸಿದ್ರೆ ಲೈನು ಸಿಗ್ತದೆ.”

ಇಡೀ ಉಡುಪಿಗೆ ಕೇಳಿಸಿತು. ನನ್ನ ಯಾವ ಭಾಷಣಕ್ಕೂ ಬೀಳದಷ್ಟು ಚಪ್ಪಾಳೆ ಅವನಿಗೆ ಬಿತ್ತು.

ಶಿಳ್ಳೆಯ ವಿಚಾರಣೆ

ಆರು ತಿಂಗಳು ಮುಗಿಯಲು ಒಂಬತ್ತು ದಿನ ಇರುವಾಗ ಬಾಯಿಗೆ ಆರೋಪ ಪತ್ರ ಬಂತು. ಈ ಸಲ ಲೈನಿನ ವಿಷಯವಲ್ಲ. ಬಾಯಿ ಅದನ್ನು ಹಿಡಿದುಕೊಂಡು ಮೊದಲ ಬಸ್ಸಿಗೆ ಮಣಿಪಾಲಕ್ಕೆ ಬಂದರು. ನಾನು ಓದಿದೆ:

‘ನೀವು ಕಳೆದ ಹಲವು ತಿಂಗಳುಗಳಿಂದ ಸಂಜೆ ನಾಲ್ಕು ಗಂಟೆಗೆ ಕೆಳಗೆ ಸಹಿ ಮಾಡಿದವರಿಗೆ ಫೋನು ಮಾಡಿ, ಅವರು ಸಭ್ಯವಾಗಿ ಹಲೋ ಎಂದರೂ ಉತ್ತರ ಕೊಡದೆ, ದೀರ್ಘವಾಗಿ ಶಿಳ್ಳೆ ಹಾಕಿರುತ್ತೀರಿ. ಮೇಲಧಿಕಾರಿಗೆ ಶಿಳ್ಳೆ ಹಾಕುವುದು ಗಂಭೀರ ದುರ್ನಡತೆ. ನಿಮ್ಮನ್ನು ಕೆಲಸದಿಂದ ಯಾಕೆ ವಜಾ ಮಾಡಬಾರದು?’

ಕೆಳಗೆ ದೊಡ್ಡ ಸಾಹೇಬರ ಸಹಿ.

“ಅಣ್ಣ, ದೇವರಾಣೆ, ನನಗೆ ಶಿಳ್ಳೆ ಹಾಕ್ಲಿಕ್ಕೇ ಬರುವುದಿಲ್ಲ. ಅತ್ತೆಗೆ ಗೊತ್ತಾಗಿದೆ. ನಿನ್ನೆಯಿಂದ ಅವರು ನನ್ನ ಹತ್ರ ಮಾತಾಡುವುದಿಲ್ಲ. ನಾನು ಸಾಹೇಬರಿಗೆ ಒಂದು ದಿನವೂ ಫೋನು ಮಾಡಿದ್ದಿಲ್ಲ. ನಾಲ್ಕು ಗಂಟೆಗೆ ನಾನು ಮಾಡುವುದು ಕಂಪ್ಯೂಟರಿಗೆ ಮಾತ್ರ.”

ಹಾಗೆಂದರೆ ಸಾಹೇಬರಿಗೆ ಶಿಳ್ಳೆ ಕೇಳಿಸಿದ್ದು ಎಲ್ಲಿಂದ?

ವಿಚಾರಣೆ ಸಾಹೇಬರ ಕೋಣೆಯಲ್ಲೇ. ವಿಚಾರಣಾಧಿಕಾರಿಯಾಗಿ ಉಡುಪಿಯಿಂದ ಒಬ್ಬ ವಯಸ್ಸಾದ ವಕೀಲರನ್ನು ಕರೆಸಿದ್ದರು. ಬಾಯಿ ಒಂದು ಕುರ್ಚಿಯ ತುದಿಯಲ್ಲಿ ಕೂತಿದ್ದರು; ಅವರ ಪರವಾಗಿ ನಾನು. ಆ ಕೋಣೆಯೊಳಗೆ ನಾನು ಕಾಲಿಟ್ಟು ಒಂದು ವರ್ಷವಾಗಿತ್ತು. ಗೇಟಿನ ಹೊರಗೆ ಕೂಗುವವನನ್ನು ಒಳಗೆ ಯಾರು ಕರೆಯುತ್ತಾರೆ?

ನಮ್ಮ ಕಡೆಯ ಆಫೀಸುಗಳಲ್ಲಿ ಆಗ ಒಂದು ನಂಬಿಕೆ ಇತ್ತು: ಮೇಜಿನ ಮೇಲೆ ಫೋನು ಎಷ್ಟೋ, ಸಾಹೇಬ ಅಷ್ಟು ದೊಡ್ಡವ. ಒಂದು ಫೋನಿದ್ದರೆ ಗುಮಾಸ್ತ, ಎರಡಿದ್ದರೆ ಮ್ಯಾನೇಜರ್, ಮೂರಿದ್ದರೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೋಗಬೇಕು. ಹೊಸ ಸಂಪರ್ಕಕ್ಕೆ ಅರ್ಜಿ ಹಾಕಿದರೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ನಮ್ಮ ಸಾಹೇಬರ ಮೇಜಿನ ಮೇಲೆ ನಾಲ್ಕು ಫೋನು ಇದ್ದವು. ಮೂರು ಕಪ್ಪು. ನಾಲ್ಕನೆಯದು ಕೆಂಪು.

ಮೂರು ಕಪ್ಪು ಫೋನಿಗೆ ವಯರು ಎಳೆದವನು ನಾನೇ. ಕೆಂಪಿನದ್ದು ನನಗೆ ಗೊತ್ತಿರಲಿಲ್ಲ.

“ಸಾರ್, ಈ ಕೆಂಪು ಫೋನು ಯಾವಾಗ ಬಂದದ್ದು?”

“ಅದು ಬಂದು ಆರು ತಿಂಗಳಾಯ್ತು. ಯಾಕೆ?”

“ಅದರ ನಂಬರು?”

“ಅದಕ್ಕೆ ನಂಬರೆಲ್ಲ ಇಲ್ಲ. ಅದು ವಿಶೇಷ ಫೋನು. ಹೊರಗಿನ ಜನ ಕರೆಸಿ ಹಾಕಿಸಿದ್ದು.”

“ಈ ಬಾಯಿ ಶಿಳ್ಳೆ ಹಾಕಿದ್ದು ಯಾವ ಫೋನಿನಲ್ಲಿ?”

“ಅದರಲ್ಲೇ. ಅದು ಶಿಳ್ಳೆ ಹಾಕ್ಲಿಕ್ಕೆ ಅಂತ ಹಾಕಿಸಿದ ಫೋನಲ್ಲ!”

“ಶಿಳ್ಳೆ ಕಾರ್ಕಳದ್ದು ಎಂದು ಹೇಗೆ ಗೊತ್ತು?”

“ನಾಲ್ಕು ಗಂಟೆ ಕಾರ್ಕಳದ ಹೊತ್ತು. ವೇಳಾಪಟ್ಟಿಯಲ್ಲಿ ಉಂಟು.”

“ಉಡುಪಿ, ಕಾಪುವಿನವರು ಶಿಳ್ಳೆ ಹಾಕುವುದಿಲ್ವಾ?”

“ಒಂದು ಗಂಟೆಗೂ ಎರಡು ಗಂಟೆಗೂ ನಾನು ಮನೆಯಲ್ಲಿ ಇರ್ತೇನೆ. ಊಟ, ಸ್ವಲ್ಪ ನಿದ್ದೆ. ಬರುವುದು ಮೂರೂವರೆಗೆ.”

ನಾನು ಮೊಣಕಾಲೂರಿ ಮೇಜಿನ ಅಡಿಗೆ ಹೊಕ್ಕೆ. ಕೆಂಪು ಫೋನಿನ ವಯರು ಗೋಡೆಯ ತೂತಿಗೆ ಹೋಗಿತ್ತು. ಗೋಡೆಯ ಆ ಬದಿ ಕಂಪ್ಯೂಟರಿನ ಕೋಣೆ. ಸಾಹೇಬರ ನಾಲ್ಕನೆಯ ಫೋನು ಕಂಪ್ಯೂಟರಿನ ಲೈನಿನಿಂದಲೇ ಎಳೆದ ಕವಲು. ಪಟ್ಟಣದ ಇನ್ನೊಬ್ಬ ಸಾಹೇಬನ ಮೇಜಿನ ಮೇಲೆ ನಾಲ್ಕು ಇದೆ ಎಂದು ತಿಳಿದು ತರಾತುರಿಯಲ್ಲಿ ಹಾಕಿಸಿದ್ದು ಎಂದು ಆಮೇಲೆ ಗೊತ್ತಾಯಿತು.

ಮೇಜಿನ ಅಡಿಯಿಂದ ಎದ್ದು ಬಂದು ವಕೀಲರಿಗೆ ಹೇಳಿದೆ: “ಸ್ವಾಮಿ, ಬಾಯಿಯವರು ನಿಮ್ಮ ಎದುರಿಗೇ, ಈ ಕಪ್ಪು ಫೋನಿನಿಂದ ಕಂಪ್ಯೂಟರಿನ ನಂಬರು ತಿರುಗಿಸಲಿ. ದಿನಾ ಮಾಡುವ ಹಾಗೆ. ನೀವು ಅವರ ಬಾಯಿಯನ್ನೇ ನೋಡುತ್ತಾ ಇರಿ.”

ಬಾಯಿ ನಂಬರು ತಿರುಗಿಸಿದರು. ಕೆಂಪು ಫೋನು ರಿಂಗಾಯಿತು. ಸಾಹೇಬರು ಅಭ್ಯಾಸಬಲದಿಂದ ಎತ್ತಿಕೊಂಡು, ಗಂಟಲು ಸರಿಮಾಡಿಕೊಂಡು, “ಹಲೋ, ಯಾರು ಮಾತಾಡುವುದು?” ಎಂದರು.

‘ಕುಂಯ್...’ ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು.

“ನೋಡಿ! ನೋಡಿ! ಮತ್ತೆ!” ಎಂದು ಸಾಹೇಬರು ರಿಸೀವರನ್ನು ವಕೀಲರ ಕಡೆಗೆ ಚಾಚಿದರು.

ವಕೀಲರು ಕನ್ನಡಕ ಏರಿಸಿ ಬಾಯಿಯ ತುಟಿಗಳ ಹತ್ತಿರಕ್ಕೆ ಬಗ್ಗಿ ನೋಡಿದರು. ಬಾಯಿ ಉಸಿರನ್ನೂ ಬಿಗಿಹಿಡಿದಿದ್ದರು. “ಇವರ ತುಟಿ ಅಲುಗಲಿಲ್ಲ” ಎಂದರು ವಕೀಲರು.

ಸಾಹೇಬರು ಮೇಜು ಗುದ್ದಿದರು: “ಹಾಗಾದ್ರೆ ಇದು ಕಾಪುವಿನವ!”

ನಾನು ಪಕ್ಕದ ಕೋಣೆಯ ಬಾಗಿಲು ತೆರೆದೆ. ಒಳಗೆ ಮೋಡೆಮ್ ಕೆಂಪು ದೀಪ ಹೊತ್ತಿಸಿಕೊಂಡು ಕೂತಿತ್ತು. ಅಲ್ಲಿಯ ಫೋನು ಎತ್ತಿ ವಕೀಲರ ಕಿವಿಗೆ ಹಿಡಿದೆ: ಅದೇ ಕುಂಯ್. ಮೋಡೆಮ್ಮಿನ ವಯರನ್ನು ಕಿತ್ತೆ. ಸಾಹೇಬರ ಕೈಯಲ್ಲಿದ್ದ ಶಿಳ್ಳೆ ನಿಂತಿತು. ಸಿಕ್ಕಿಸಿ ಮತ್ತೊಮ್ಮೆ ನಂಬರು ತಿರುಗಿಸಲು ಹೇಳಿದೆ. ಶಿಳ್ಳೆ ಹೊಡೆಯಿತು. ಮತ್ತೆ ಕಿತ್ತೆ, ನಿಂತಿತು.

ಇಷ್ಟು ತಿಂಗಳು ಸಾಹೇಬರು ಹಲೋ ಎಂದದ್ದು ಅವರೇ ಕುಂಕುಮ ಹಚ್ಚಿಸಿದ ಯಂತ್ರಕ್ಕೆ; ಅದರ ಕೂಗಿನಲ್ಲಿ ಆ ಹಲೋ ಬಾಯಿಗೆ ಕೇಳಿಸುತ್ತಲೇ ಇರಲಿಲ್ಲ. ಗುಂಡಿ ಒತ್ತಿದ ಕೂಡಲೇ ಬಾಯಿಯ ಪರದೆಯ ಮೇಲೆ ಕಾಗೆ ಕಾಲು ಬರುತ್ತಿದ್ದದ್ದು, ನಡುವೆ ತೂರಿಬಂದ ಸಾಹೇಬರ ಮಾತು. ಅವರ ಮಾತನ್ನು ಇದ್ದ ಹಾಗೆ ಬರೆದು ತೋರಿಸಿದ್ದು ಇಡೀ ಕಂಪೆನಿಯಲ್ಲಿ ಆ ಯಂತ್ರ ಒಂದೇ.

ವಕೀಲರು ಬರೆದುಕೊಳ್ಳುತ್ತ ಒಂದು ಪ್ರಶ್ನೆ ಕೇಳಿದರು: “ಅಲ್ಲ ಸಾರ್, ಶಿಳ್ಳೆ ಕೇಳಿದ ಕೂಡಲೇ ನೀವು ಫೋನು ಇಟ್ಟುಬಿಟ್ಟಿದ್ದರೆ ಪಟ್ಟಿಯಾದರೂ ಬರುತ್ತಿತ್ತಲ್ಲ. ಯಾಕೆ ಇಡಲಿಲ್ಲ?”

“ಇಡುವುದು ಹೇಗೆ?” ಎಂದರು ಸಾಹೇಬರು. “ಕ್ಷಮೆ ಕೇಳ್ತಾರಾ ಅಂತ ನಾನು ಪ್ರತಿ ಸಲ ಕಾಲು ಗಂಟೆ ಹಿಡಿದುಕೊಂಡೇ ಇರ್ತಿದ್ದೆ.”

ಅಷ್ಟು ಹೊತ್ತೂ ಕುರ್ಚಿಯ ತುದಿಯಲ್ಲಿದ್ದ ಬಾಯಿ ಸೆರಗು ಬಾಯಿಗಿಟ್ಟುಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ಅಲ್ಲ.

ಆರೋಪ ಬಿದ್ದುಹೋಯಿತು. ರಿಜಿಸ್ಟರಿನ ಕಾರಣಗಳನ್ನೆಲ್ಲ ಹೊಡೆದು ಹಾಕಿ, ಬಾಯಿಯ ಕೆಲಸ ಖಾಯಂ ಮಾಡುವ ಆದೇಶಕ್ಕೆ ಸಾಹೇಬರಿಂದಲೇ ಅಲ್ಲೇ ಸಹಿ ಹಾಕಿಸಿದೆವು. ಕೆಂಪು ಫೋನಿನ ವಯರನ್ನು ನಾನೇ ಕತ್ತರಿಸಿದೆ. ಕಾರ್ಕಳದ ಲೈನು ಅಂದಿನಿಂದ ದಿನಾ ನಾಲ್ಕು ಗಂಟೆಗೆ ಮೊದಲ ಸಲಕ್ಕೇ ಸಿಕ್ಕಿತು. ಆದರೆ ಕೆಂಪು ಫೋನನ್ನು ಮೇಜಿನಿಂದ ತೆಗೆಯಲಿಕ್ಕೆ ಸಾಹೇಬರು ಒಪ್ಪಲಿಲ್ಲ. ಮೂರಕ್ಕೆ ಇಳಿಯುವುದು ಹೇಗೆ? ಅದು ವಯರಿಲ್ಲದೆ ಅಲ್ಲೇ ಕೂತಿತು. ಯಾರಾದರೂ ಬಂದರೆ ಸಾಹೇಬರು ಅದನ್ನು ಎತ್ತಿ, ಗಂಭೀರವಾಗಿ ಎರಡು ಮಾತಾಡಿ, ಕೆಳಗಿಟ್ಟು ಹೇಳುತ್ತಿದ್ದರಂತೆ:

“ಇದರಲ್ಲಿ ಮೊದಲು ಯಾರ್‍ಯಾರೋ ಶಿಳ್ಳೆ ಹಾಕ್ತಾ ಇದ್ರು. ಒಂದು ವಿಚಾರಣೆ ನಡೆಸಿದೆ ನೋಡಿ, ಆಮೇಲೆ ಒಬ್ಬನೂ ತುಟಿ ಪಿಟಕ್ ಎನ್ನಲಿಲ್ಲ.”